ಮೊಡವೆಗೆ ಮದ್ದು: ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಿ

ಹರೂರಿನ ಕಬ್ಬು, ಮರಗೆಣಸಿನ ಹೊಲಗಳಲ್ಲಿ ಬಿಸಿಲಿಗೆ ದುಡಿಯುವ ನಮ್ಮ ಹದಿಹರೆಯದ ಮಕ್ಕಳಿಗೆ ಮೊಡವೆ ದೊಡ್ಡ ಚಿಂತೆ. "ವಯಸ್ಸಿನ ಗುಣ, ತಾನೇ ಹೋಗುತ್ತದೆ" ಎಂದು ಹಿರಿಯರು ಸುಮ್ಮನಾಗುತ್ತಾರೆ. ಮಕ್ಕಳು ಗುಟ್ಟಾಗಿ ಔಷಧದಂಗಡಿಯಿಂದ ಬಿಳುಪಿನ ಮುಲಾಮು ತರುತ್ತಾರೆ. ಎರಡೂ ಸರಿಯಲ್ಲ. ಮೊಡವೆ ಹೋದರೂ ಕೆಲವರಿಗೆ ಕುಳಿ ಉಳಿದುಬಿಡುತ್ತದೆ.

ಬಿಳುಪಿಗೆಂದು ಹಚ್ಚುವ ಹಲವು ಮುಲಾಮುಗಳಲ್ಲಿ ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಮೊದಲು ಮುಖ ಹೊಳೆಯುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಹೆಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಆದರೆ 'ಎ' ಜೀವಸತ್ವದ ಬಳಗಕ್ಕೆ ಸೇರಿದ ಟ್ರೆಟಿನಾಯಿನ್, ಅಡಾಪಲೀನ್‌ಗಳನ್ನು ಸ್ಟೀರಾಯ್ಡ್ ಬೆರೆಸದೆ, ವೈದ್ಯರು ಹೇಳಿದಂತೆ ಹಚ್ಚಿದರೆ ಒಳ್ಳೆಯ ಮದ್ದು. ಚರ್ಮದ ರಂಧ್ರಗಳು ಕಟ್ಟಿಕೊಳ್ಳದಂತೆ ಅವು ತಡೆಯುತ್ತವೆ. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಸವರಬೇಕು. ಮೊದಮೊದಲು ತುಸು ಉರಿ, ಸಿಪ್ಪೆ ಏಳುವುದು ಸಹಜ. ಗುಣ ಕಾಣಲು 8ರಿಂದ 12 ವಾರ ಬೇಕು. ಅರಿಶಿನ ನೆಟ್ಟ ಮರುವಾರವೇ ಗೆಡ್ಡೆ ಅಗೆಯುವ ರೈತನುಂಟೇ? ಹೊಲಕ್ಕೆ ಹೋಗುವಾಗ ಮುಖಕ್ಕೆ ಬಿಸಿಲು ತಾಗದಂತೆ ಮರೆ ಮಾಡಿಕೊಳ್ಳಿ. ಗರ್ಭಿಣಿಯರು, ಮಗುವಿನ ನಿರೀಕ್ಷೆಯಲ್ಲಿರುವವರು ಹಚ್ಚಬಾರದು.

ತಂದೆತಾಯಿಗಳೇ, ಬೆಳೆಗೆ ರೋಗ ಬಂದರೆ ಎಲೆ ಕಿತ್ತು ಕೃಷಿ ಕಚೇರಿಗೆ ಒಯ್ಯುತ್ತೀರಿ. ಮಗುವಿನ ಮುಖಕ್ಕೂ ಅಷ್ಟೇ ಕಾಳಜಿ ತೋರಿಸಿ. ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ. ದೇವರು ಕೊಟ್ಟ ಮೈಬಣ್ಣಕ್ಕೆ ಮದ್ದು ಬೇಡ, ಮೊಡವೆಗೆ ಬೇಕು.