ತಿರುಪೇ ಕಳ್ಳನಾದಾಗ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಎರಡನೇ ಪಿಯುಸಿ. ಕಾಫಿ ಕುಡಿದ ಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಚಿನ್ನದ ಬ್ರೇಸ್‌ಲೆಟ್ಟು. ಎರಡು ಅರ್ಧಗಳು, ಅವನ್ನು ಜೋಡಿಸಲು ಎರಡು ಪುಟ್ಟ ಸ್ಕ್ರೂಗಳು.

'ಸಾರ್, ಅಕ್ಕನ ಮದುವೆಗೆ ಮಾಡಿಸಿದ್ದು. ಎಷ್ಟು ಬಿಗಿ ಮಾಡಿದರೂ ಹದಿನೈದು ದಿನಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಯಾರೂ ಮುಟ್ಟದೆ ಅದು ತಾನೇ ಹೇಗೆ ತಿರುಗುತ್ತದೆ? ಅಮ್ಮ ದೃಷ್ಟಿ ತಗುಲಿದೆ ಅಂತಾರೆ.'

ದೃಷ್ಟಿಯಲ್ಲ ಮಾರಾಯ, ಹೈಸ್ಕೂಲಿನಲ್ಲಿ ನೀನೇ ಓದಿದ ಓರೆ ಸಮತಲ ಮತ್ತು ಘರ್ಷಣೆ ಎಂದೆ. ಅವನು ನಂಬಲಿಲ್ಲ. ನಂಬಿಸಲು ಅರ್ಧ ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ರೂ ಹಾಕಿ ಮುಚ್ಚುವ ಈ ಬಗೆಯ ಬ್ರೇಸ್‌ಲೆಟ್ಟಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಕಾರ್ಟಿಯೇ ಸಂಸ್ಥೆಯ 'ಲವ್' ಬ್ರೇಸ್‌ಲೆಟ್. ಇಟಲಿ ಮೂಲದ ವಿನ್ಯಾಸಕಾರ ಆಲ್ಡೊ ಚಿಪುಲೊ 1969ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ರೂಪಿಸಿದ. ಕೈಗೆ ಒಗ್ಗುವಂತೆ ಅಂಡಾಕಾರ, ಎರಡು ಅರ್ಧಗಳು, ಜೊತೆಗೊಂದು ಪುಟ್ಟ ಸ್ಕ್ರೂಡ್ರೈವರ್. ಒಬ್ಬರು ತೊಟ್ಟರೆ ಇನ್ನೊಬ್ಬರು ತಿರುಪು ಬಿಗಿಯಬೇಕು ಎಂಬುದು ಕಲ್ಪನೆ. ಸುತ್ತಲೂ ಸ್ಕ್ರೂ ತಲೆಯಂತೆ ಕಾಣುವ ಗುರುತುಗಳಿದ್ದರೂ ಮುಚ್ಚುವ ಕೆಲಸ ಮಾಡುವವು ಎರಡೇ. ಮೊದಮೊದಲು ಈ ಎರಡೂ ಪೂರ್ತಿ ಕಳಚಿ ಕೈಗೆ ಬರುತ್ತಿದ್ದವು. ಮುಂದೆ ಸಡಿಲಿಸಿದರೂ ಆಭರಣದಲ್ಲೇ ಉಳಿಯುವಂತೆ ಅವನ್ನು ಮಾರ್ಪಡಿಸಿದರು. ನಮ್ಮಲ್ಲಂತೂ ಅಜ್ಜಿಯರ ಕಾಲದಿಂದ ಓಲೆಗೂ ಬಳೆಗೂ ತಿರುಪು ಇದ್ದೇ ಇದೆ. ತಿರುಪು ಯಾವ ದೇಶದ್ದಾದರೂ ವಿಜ್ಞಾನ ಒಂದೇ.

ತಿರುಪು ಎಂದರೆ ಏನು? ಕಾಗದದಲ್ಲಿ ಒಂದು ಲಂಬಕೋನ ತ್ರಿಭುಜ ಕತ್ತರಿಸಿ ಪೆನ್ಸಿಲಿಗೆ ಸುತ್ತಿ ನೋಡಿ. ಓರೆಯಾದ ಅಂಚು ಸುರುಳಿಯಾಗಿ ಮೇಲೇರುತ್ತದೆ. ಕಂಬಕ್ಕೆ ಸುತ್ತಿದ ಇಳಿಜಾರೇ ತಿರುಪು. ಬಿಗಿ ಮಾಡುವುದೆಂದರೆ ಈ ಇಳಿಜಾರನ್ನು ಹತ್ತುವುದು, ಸಡಿಲವಾಗುವುದೆಂದರೆ ಜಾರಿ ಇಳಿಯುವುದು. ಇಳಿಜಾರು ಬಹಳ ಕಡಿಮೆ ಇರುವುದರಿಂದ ಘರ್ಷಣೆ ಅದನ್ನು ಜಾರದಂತೆ ಹಿಡಿದಿರುತ್ತದೆ.

ಹಾಗಿದ್ದ ಮೇಲೆ ಸಡಿಲವಾಗುವುದೇಕೆ? ಪರೀಕ್ಷೆಗೆ ಒಯ್ಯುವ ರೈಟಿಂಗ್ ಪ್ಯಾಡ್ ಮೇಜಿನ ಮೇಲಿಟ್ಟು, ಒಂದು ತುದಿಗೆ ಎರಡು ನೋಟ್‌ಪುಸ್ತಕ ಕೊಡಿ. ಮೇಲೊಂದು ನಾಣ್ಯ ಇಡಿ. ಅದು ಜಾರದೆ ನಿಲ್ಲಬೇಕು. ಜಾರಿದರೆ ಒಂದು ಪುಸ್ತಕ ತೆಗೆಯಿರಿ. ಈಗ ಪ್ಯಾಡನ್ನು ಎಡಕ್ಕೆ ಬಲಕ್ಕೆ ಮಾತ್ರ ಬಿರುಸಾಗಿ ಅಲ್ಲಾಡಿಸಿ. ನಾಣ್ಯ ಪಕ್ಕಕ್ಕೆ ಜಾರುವುದಷ್ಟೇ ಅಲ್ಲ, ಸ್ವಲ್ಪಸ್ವಲ್ಪವೇ ಕೆಳಕ್ಕೂ ಇಳಿಯುತ್ತದೆ. ನೀವು ಕೆಳಕ್ಕೆ ತಳ್ಳಲೇ ಇಲ್ಲ!

ಘರ್ಷಣೆ ಜಾರುವ ದಿಕ್ಕಿಗೆ ಎದುರಾಗಿ ನಿಲ್ಲುವ ಬಲ. ನಾಣ್ಯ ಅಡ್ಡಡ್ಡ ಜಾರತೊಡಗಿದಾಗ ಘರ್ಷಣೆಯ ಬಹುಪಾಲು ಆ ಅಡ್ಡ ಜಾರಿಕೆಯನ್ನು ತಡೆಯುವುದರಲ್ಲೇ ಖರ್ಚಾಗುತ್ತದೆ. ಇಳಿಜಾರನ್ನು ಕಾಯಲು ಸಾಕಷ್ಟು ಉಳಿಯುವುದಿಲ್ಲ. ಬೆರಳಿಗೆ ಸಿಕ್ಕಿಕೊಂಡ ಉಂಗುರವನ್ನು ಸುಮ್ಮನೆ ಎಳೆದರೆ ಬರುವುದಿಲ್ಲ, ತಿರುಗಿಸುತ್ತ ಎಳೆದರೆ ಬರುತ್ತದೆ. ಅದೂ ಇದೇ ತತ್ತ್ವ. ನಟ್ಟು ಬೋಲ್ಟುಗಳು ಸಡಿಲವಾಗಲು ಮುಖ್ಯ ಕಾರಣ ಇಂಥ ಅಡ್ಡ ಅಲುಗಾಟವೇ ಎಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಪ್ರಕಟಿಸಿದ್ದೂ 1969ರಲ್ಲೇ. ಅವರ ಹೆಸರಿನ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಕೈಬಳೆಗೆ ಬರೀ ಅಡ್ಡ ಅಲುಗಾಟವೇ. ರೊಟ್ಟಿ ತಟ್ಟುವಾಗ, ಸ್ಕೂಟರ್ ಓಡಿಸುವಾಗ, ಪಕ್ಕದ ಬಳೆಗೆ ತಾಗುವಾಗ ಎರಡು ಅರ್ಧಗಳು ಕಣ್ಣಿಗೆ ಕಾಣದಷ್ಟು ಜರುಗುತ್ತವೆ. ಸೋಪು, ಎಣ್ಣೆ ಸೇರಿದರೆ ಘರ್ಷಣೆ ಇನ್ನೂ ಕಡಿಮೆ. ಜೊತೆಗೆ ಚಿನ್ನ ಮೆದು ಲೋಹ. ಹದಿನೆಂಟು ಕ್ಯಾರೆಟ್ಟಿನಲ್ಲಿ ನೂರಕ್ಕೆ 75 ಪಾಲು ಚಿನ್ನ, ಉಳಿದದ್ದು ತಾಮ್ರ ಬೆಳ್ಳಿಯಂಥ ಲೋಹಗಳು. ಇಪ್ಪತ್ತೆರಡು ಕ್ಯಾರೆಟ್ಟಿನಲ್ಲಿ ಚಿನ್ನವೇ 91.6 ಪಾಲು, ಆದ್ದರಿಂದ ಅದು ಇನ್ನೂ ಮೆದು. ಸುರುಳಿಯ ಏಣುಗಳು ಬೇಗ ಸವೆಯುತ್ತವೆ.

ಇದನ್ನೆಲ್ಲ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಆದರೂ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನಾಕೆಯ ತಿರುಪಿನ ಬಳೆಯೊಂದು ಕಾಣೆಯಾದಾಗ ಇದು ಒಂದೂ ನೆನಪಿಗೆ ಬರಲಿಲ್ಲ. ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನಲಿಲ್ಲ. 'ನೀನೇನಾದರೂ ನೋಡಿದೆಯಾ' ಎಂದು ನಾನೇ ಮೂರು ಸಲ ಕೇಳಿದೆ. ಮೂರನೆಯ ಸಲ ಆಕೆ ಉತ್ತರ ಕೊಡಲಿಲ್ಲ. ಮರುದಿನದಿಂದ ಕೆಲಸಕ್ಕೂ ಬರಲಿಲ್ಲ. ಬರದಿದ್ದುದನ್ನೇ ನಾವು ಸಾಕ್ಷಿ ಎಂದುಕೊಂಡೆವು.

ಮಳೆಗಾಲ ಶುರುವಾಗಿ ಅಟ್ಟದ ಮೇಲಿನ ಕಂಬಳಿ ಇಳಿಸಿ ಕೊಡವಿದಾಗ ಬಳೆ ನೆಲಕ್ಕೆ ಬಿತ್ತು. ಬಾಯಿ ತೆರೆದುಕೊಂಡಿತ್ತು, ತಿರುಪು ಮಾತ್ರ ಕೊನೆಗೂ ಸಿಗಲಿಲ್ಲ. ಕಂಬಳಿ ಮಡಿಸುವಾಗ ಕಳಚಿ ಒಳಗೇ ಉಳಿದಿತ್ತು. ಅಂದು ಸಂಜೆಯೇ ನಾವಿಬ್ಬರೂ ಆಕೆಯ ಮನೆಗೆ ಹೋದೆವು. ಆಕೆ ಕೂರಲು ಚಾಪೆ ಹಾಸಿದಳು, ಚಹಾ ಕೊಟ್ಟಳು. 'ಸಿಕ್ಕಿತಲ್ಲ, ಬಿಡಿ ಮೇಷ್ಟ್ರೇ' ಎಂದಳು. ಆದರೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಬಳೆ ಸಿಕ್ಕಿತು, ಕಳೆದದ್ದು ಸಿಗಲಿಲ್ಲ.

ಆದ್ದರಿಂದ ಕೆಲವು ಮಾತುಗಳನ್ನು ಮನೆಯವರೆಲ್ಲ ಗಮನಿಸಬೇಕು.

ಮೊದಲನೆಯದು, ವಾರಕ್ಕೊಮ್ಮೆ ಪರೀಕ್ಷೆ. ಒಂದು ದಿನ ಗೊತ್ತು ಮಾಡಿಕೊಳ್ಳಿ. ಜೋಡಣೆಯ ಮೇಲೆ ಉಗುರು ಎಳೆದು ನೋಡಿ, ಎರಡು ಅರ್ಧಗಳನ್ನು ಹಿಡಿದು ಮೆಲ್ಲಗೆ ಅಲುಗಿಸಿ. ಉಗುರು ಸಿಕ್ಕಿಕೊಂಡರೆ, ಟಿಕ್ ಎಂಬ ಸದ್ದು ಬಂದರೆ ತಿರುಪು ಜಾರಲು ಶುರುವಾಗಿದೆ ಎಂದರ್ಥ. ಬಿಗಿದ ತಿರುಪು ಎಳೆದ ಸ್ಪ್ರಿಂಗಿನಂತೆ. ಆ ಎಳೆತವೇ ಘರ್ಷಣೆಗೆ ಆಧಾರ. ಒಮ್ಮೆ ಎಳೆತ ಕುಗ್ಗಿತೆಂದರೆ ಉಳಿದದ್ದು ಬೇಗ ಬಿಚ್ಚಿಕೊಳ್ಳುತ್ತದೆ.

ಎರಡನೆಯದು, ಬಿಗಿಯುವ ಕ್ರಮ. ಕೆಳಗೆ ತಟ್ಟೆಯಲ್ಲಿ ಬಟ್ಟೆ ಹಾಸಿಕೊಳ್ಳಿ. ಗಾಡಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಮೊದಲು ಹಿಂದಕ್ಕೆ ಅಷ್ಟಿಷ್ಟು ತಿರುಗಿಸಿ, ಸುರುಳಿ ಕೂತದ್ದು ಕೈಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಿ. ನಿಂತ ಮೇಲೆ ಜೋರು ಮಾಡಬೇಡಿ. ಮೆದು ಚಿನ್ನದ ಏಣು ಕಿತ್ತುಹೋದರೆ ಯಾವ ತಿರುಪೂ ನಿಲ್ಲದು.

ಮೂರನೆಯದು, ಶುಚಿ. ಬಿಚ್ಚಿದಾಗ ಮೆತ್ತಗಿನ ಬ್ರಷ್ಷಿನಿಂದ ಜಿಡ್ಡು ತೆಗೆದು ಪೂರ್ತಿ ಒಣಗಿಸಿ. ಎಣ್ಣೆ ಬಿಡಲೇಬೇಡಿ.

ನಾಲ್ಕನೆಯದು, ಅಂಟು. ಪದೇಪದೇ ಸಡಿಲವಾದರೆ ಅಕ್ಕಸಾಲಿಗರಿಗೆ ತೋರಿಸಿ. ತಿರುಪಿಗೆಂದೇ ಇರುವ ಅಂಟೊಂದಿದೆ. ಅಮೆರಿಕದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1950ರ ದಶಕದಲ್ಲಿ ಬಳಕೆಗೆ ತಂದದ್ದು. ಗಾಳಿ ಇದ್ದಾಗ ದ್ರವವಾಗಿಯೇ ಇದ್ದು, ಗಾಳಿ ಸಿಗದ ಸಂದಿಯಲ್ಲಿ ಲೋಹಕ್ಕೆ ತಾಗಿದಾಗ ಗಟ್ಟಿಯಾಗುತ್ತದೆ. ಅದರಲ್ಲಿ ಮತ್ತೆ ಬಿಚ್ಚಲು ಬರುವ ಸೌಮ್ಯ ಬಗೆಯನ್ನು ಒಂದೇ ತೊಟ್ಟು ಹಾಕಿಸಿ. ಅಂಗಡಿಯ ಫೆವಿಕ್ವಿಕ್ ಹಾಕುವ ಸಾಹಸ ಬೇಡ.

ಐದನೆಯದು, ಎರಡನೇ ಕಾವಲು. ಬಳೆಗೂ ಬ್ರೇಸ್‌ಲೆಟ್ಟಿಗೂ ಸಣ್ಣ ಸೇಫ್ಟಿ ಚೈನ್ ಹಾಕಿಸಬಹುದು. ತಿರುಪು ಕೈಕೊಟ್ಟರೂ ಚೈನು ಹಿಡಿಯುತ್ತದೆ. ಎರಡೂ ಒಟ್ಟಿಗೇ ಕೈಕೊಡುವುದು ಅಪರೂಪ.

ಹುಡುಗ ಬ್ರೇಸ್‌ಲೆಟ್ಟು ಗಂಟು ಕಟ್ಟಿಕೊಂಡು ಎದ್ದ. 'ಶನಿವಾರ ಶನಿವಾರ ನಾನೇ ನೋಡ್ತೀನಿ ಸಾರ್' ಎಂದ. ನೋಡು ಮಗು ಎಂದೆ. ಒಂದು ವೇಳೆ ಮನೆಯಲ್ಲಿ ಒಡವೆ ಕಾಣೆಯಾದರೆ ಮೊದಲು ತಿರುಪನ್ನು ಅನುಮಾನಿಸು, ಮನುಷ್ಯರನ್ನು ಆಮೇಲೆ.