ತೊಗಲು ನಮ್ಮದು, ಲೆಟರ್‌ಹೆಡ್ ಯಾರದು?

ಹಾಸ್ಟೆಲ್ ಗೆಳೆಯರೆ,

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಭಾರೀ ಕಂಪನಿ ತನ್ನ ಹೊಸ ಉಡುಪುಗಳ ಪ್ರದರ್ಶನ ಇಟ್ಟಿತ್ತು. ಅಲ್ಲಿ ಠೀವಿಯಿಂದ ನಡೆದು ಬಂದ ಹುಡುಗರ ಕಾಲಲ್ಲಿ ಇದ್ದದ್ದು ನಮ್ಮ ಚಪ್ಪಲಿ. ಅಥಣಿ, ನಿಪ್ಪಾಣಿ, ಕೊಲ್ಲಾಪುರದ ಕಡೆಯ ಸಮಗಾರರು, ಡೋಹರರು ತಲೆತಲಾಂತರದಿಂದ ಹದ ಮಾಡಿ, ಹೆಣೆದು, ಹೊಲಿದ ಚಪ್ಪಲಿ. ಕಂಪನಿ ಅದಕ್ಕೆ ಕೊಟ್ಟ ಹೆಸರು ಬರೀ ‘ಚರ್ಮದ ಸ್ಯಾಂಡಲ್’. ಊರಿಲ್ಲ, ಕೇರಿಯಿಲ್ಲ, ಹೊಲಿದ ಕೈಯಿಲ್ಲ.

ಈ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರೊಳಗಿವೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೂ ಇವೆ. ಗುರುತಿನ ಕಾಗದ ಇರುವುದು ಎರಡು ಸರ್ಕಾರಿ ನಿಗಮಗಳ ಕೈಯಲ್ಲಿ. ಇಲ್ಲಿ ಲಿಡ್ಕರ್, ಅಲ್ಲಿ ಲಿಡ್‌ಕಾಮ್.

ಗದ್ದಲ ಎದ್ದಿತು. ಕೊನೆಗೆ ಕಂಪನಿ, ಹೌದು, ಇದರ ಸ್ಫೂರ್ತಿ ಭಾರತದ ಕೈಕಸುಬು ಎಂದು ಬರೆದು ಒಪ್ಪಿಕೊಂಡಿತು. ಯಾರಿಗೆ ಬರೆಯಿತು? ಚಪ್ಪಲಿ ಹೊಲಿದವನಿಗಲ್ಲ. ಮಹಾರಾಷ್ಟ್ರ ಚೇಂಬರ್ ಆಫ್ ಕಾಮರ್ಸಿಗೆ ಬರೆಯಿತು, ಯಾಕೆಂದರೆ ಆ ಚೇಂಬರ್ ಅವರಿಗೆ ಕಾಗದ ಹಾಕಿತ್ತು. ಜುಲೈಯಲ್ಲಿ ಕಂಪನಿಯ ಮಂದಿ ಕೊಲ್ಲಾಪುರಕ್ಕೆ ಬಂದು ನೋಡಿದರು. ಡಿಸೆಂಬರಿನಲ್ಲಿ ಎರಡು ನಿಗಮಗಳ ಜೊತೆ ಒಪ್ಪಂದವಾಯಿತು. 2,000 ಜೋಡಿ ಚಪ್ಪಲಿ, ಒಂದು ಜೋಡಿಗೆ ಸುಮಾರು 800 ಯೂರೋ ಬೆಲೆ ಎಂದು ಪತ್ರಿಕೆಗಳು ಬರೆದವು. ನಮ್ಮ ದುಡ್ಡಿನಲ್ಲಿ ಎಂಬತ್ತು ಸಾವಿರಕ್ಕೂ ಮೇಲೆ.

ಆ ಚೇಂಬರನ್ನು ನಾನು ಬೈಯುವುದಿಲ್ಲ. ಕಾಗದ ಬರೆದದ್ದು ಒಳ್ಳೆಯದೇ ಆಯಿತು. ನನ್ನ ಪ್ರಶ್ನೆ ಬೇರೆ. ಸಾವಿರಾರು ಕೈಗಳು ಹೊಲಿದ ಚಪ್ಪಲಿಗೆ ಬಾರದ ಉತ್ತರ ಒಂದು ಹಾಳೆ ಕಾಗದಕ್ಕೆ ಹೇಗೆ ಬಂತು?

ಅದು ಬರೀ ಹಾಳೆಯಲ್ಲ, ಲೆಟರ್‌ಹೆಡ್. ಮೇಲೆ ಸಂಘದ ಹೆಸರು, ನೋಂದಣಿ ನಂಬರು, ಕೆಳಗೆ ಅಧ್ಯಕ್ಷರ ಸಹಿ, ಸೀಲು. ಚೇಂಬರ್ ಅಂದರೆ ಇಷ್ಟೇ. ಒಬ್ಬೊಬ್ಬನೇ ಕೂಗಿದರೆ ಕಿವಿಗೊಡದವರು ಉತ್ತರ ಕೊಡಲೇಬೇಕಾಗುವ ಒಂದು ಕಾಗದ.

ನಮ್ಮ ತಾಲ್ಲೂಕಿನಲ್ಲೂ ಒಂದು ವರ್ತಕರ ಸಂಘ ಉಂಟು. ಎರಡಂತಸ್ತಿನ ಕಟ್ಟಡ, ಮೇಲೆ ಬೋರ್ಡು. ಅದು ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರೆಂಟು ಪದೇಪದೇ ಹೋದರೆ ವಿದ್ಯುತ್ ಕಚೇರಿಗೆ ಮನವಿ ಹೋಗುತ್ತದೆ. ರಸ್ತೆ ಅಗಲ ಮಾಡುತ್ತೇವೆಂದು ಪುರಸಭೆ ನೋಟೀಸು ಕೊಟ್ಟರೆ ಹತ್ತು ಜನ ಹೋಗಿ ಮುಖ್ಯಾಧಿಕಾರಿಯ ಎದುರು ಕೂರುತ್ತಾರೆ. ಲೈಸೆನ್ಸ್ ನವೀಕರಣಕ್ಕೆ ಸಂಘದ ಹಾಲಿನಲ್ಲೇ ಶಿಬಿರ. ಹೊಸ ಬ್ಯಾಂಕ್ ಮ್ಯಾನೇಜರು ಬಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಅವರ ಸಾಲದ ಅರ್ಜಿ ಮೇಜಿನ ಮೇಲೆ ಮಲಗುವುದಿಲ್ಲ.

ದೊಡ್ಡ ಮಟ್ಟದಲ್ಲೂ ಹೀಗೆಯೇ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಬೀಡಾ ಅಂಗಡಿ, ತರಕಾರಿ ಅಂಗಡಿಯವರಿಗೆಲ್ಲ ನೋಟೀಸು ಕಳಿಸಿತು. ವ್ಯಾಪಾರಿಗಳು ಒಟ್ಟಾದರು, ಬಂದ್ ಎಂದರು. ಬಂದ್‌ಗೆ ಎರಡು ದಿನ ಮೊದಲೇ ಮುಖ್ಯಮಂತ್ರಿ ಕರೆದು ಕೂರಿಸಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಸಂಘದ ಬಲ ಎಂದರೆ ಇದು.

ಈಗ ನನ್ನ ಅಪ್ಪನ ಕಥೆ ಕೇಳಿ. ಅಪ್ಪ ಚಪ್ಪಲಿ ಹೊಲಿಯುತ್ತಾನೆ, ಅವ್ವ ಮೇಲಿನ ಹೆಣಿಗೆ ಹೆಣೆಯುತ್ತಾಳೆ. ನಾನು ಪಿಯುಸಿಯಲ್ಲಿದ್ದಾಗ ಅಪ್ಪನನ್ನು ನಾನೇ ಹುರಿದುಂಬಿಸಿ ಆ ಸಂಘದ ಕಚೇರಿಗೆ ಕರೆದುಕೊಂಡು ಹೋದೆ. ತೊಗಲಿನ ರೇಟು ಏರಿತ್ತು, ಬ್ಯಾಂಕಿನವರು ಮಾತಾಡಿಸುತ್ತಿರಲಿಲ್ಲ. ಸಂಘದ ಸದಸ್ಯನಾದರೆ ಏನಾದರೂ ದಾರಿಯಾದೀತು ಎಂಬ ಆಸೆ.

ಕಾರ್ಯದರ್ಶಿಗಳು ಬೈಯಲಿಲ್ಲ. ಚಹಾ ಕೊಡಿಸಿದರು. ಎಲ್ಲರಿಗೂ ಪೇಪರ್ ಕಪ್ಪು, ನಮಗೂ ಪೇಪರ್ ಕಪ್ಪು. ನೋಡಿ, ಜಾತಿ ಎಲ್ಲಿದೆ ಅಂತ ನೀವು ಕೇಳಬಹುದು! ಆಮೇಲೆ ನಗುನಗುತ್ತ ನಿಯಮ ಹೇಳಿದರು. ಪೇಟೆಯಲ್ಲಿ ಅಂಗಡಿ ಇರಬೇಕು, ಪುರಸಭೆ ಲೈಸೆನ್ಸ್ ಇರಬೇಕು, ಈಗಿರುವ ಇಬ್ಬರು ಸದಸ್ಯರು ಸಹಿ ಹಾಕಬೇಕು.

“ನಿನಗ್ಯಾಕೋ ಮಾರಾಯ ಇದೆಲ್ಲ? ನಿನ್ನ ಮಾಲು ನಮ್ಮವರ ಅಂಗಡಿಯಾಗ ಹೋಗ್ತದಲ್ಲ,” ಅಂದರು.

ನಿಜ. ಅಪ್ಪನ ಚಪ್ಪಲಿ ಮಾರುವ ಅಂಗಡಿಯವರೇ ಆ ಸಂಘದ ಉಪಾಧ್ಯಕ್ಷರು. ಅಪ್ಪ ಎದ್ದು ನಿಂತು ಅಂದ: “ಅದಽ ಹೇಳಾಕ ಬಂದೇನ್ರಿ ಸಾವ್ಕಾರ್ರ. ನಾ ಹೊಲದ ಚಪ್ಪಲಿ ನಿಮ್ಮ ಸಂಘದಾಗ ಅದಾವು. ನಾ ಇಲ್ಲ.”

ಗೆಳೆಯರೆ, ಆ ಫಾರಮ್ಮಿನಲ್ಲಿ ಜಾತಿಯ ಕಾಲಂ ಇರಲಿಲ್ಲ. ಬೇಕೂ ಇಲ್ಲ. ಪೇಟೆ ಬೀದಿಯಲ್ಲಿ ನಮಗೆ ಅಂಗಡಿ ಬಾಡಿಗೆಗೆ ಕೊಡುವವರು ಯಾರು? ಅಂಗಡಿ ಇಲ್ಲದೆ ಲೈಸೆನ್ಸ್ ಎಲ್ಲಿಂದ ಬರುತ್ತದೆ? ಸಹಿ ಹಾಕುವ ಇಬ್ಬರು ಯಾರು? ಜಾತಿ ಬಾಗಿಲಲ್ಲಿ ನಿಂತು ಕೋಲು ತೋರಿಸುವುದಿಲ್ಲ ಈಗ. ನಿಯಮಾವಳಿಯೊಳಗೆ ಹೋಗಿ ಕೂತಿದೆ. 2005ರ ಆರ್ಥಿಕ ಗಣತಿಯ ಪ್ರಕಾರ ಈ ದೇಶದ ಉದ್ದಿಮೆಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನದ್ದು ಶೇ. 9.8. ಜನಸಂಖ್ಯೆಯಲ್ಲಿ ನಾವು ಶೇ. 16ಕ್ಕೂ ಮೇಲೆ. ಉಳಿದವರು ಎಲ್ಲಿ ಹೋದರು? ಹಿಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದಾರೆ.

ಇದು ಹೊಸದಲ್ಲ. 1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಚೇಂಬರ್ ಹುಟ್ಟಿತು. ವ್ಯಾಪಾರಿಗಳು ಒಟ್ಟಾಗಿ ಸರ್ಕಾರವನ್ನು ಕೇಳಬೇಕು ಎಂಬುದು ಅವರಿಗೆ ಸರಿ ಕಂಡಿತು. ಎರಡೇ ವರ್ಷಕ್ಕೆ, 1918ರಲ್ಲಿ, ಬ್ರಾಹ್ಮಣೇತರರು ಒಟ್ಟಾಗಿ ಸರ್ಕಾರಿ ಕೆಲಸದಲ್ಲಿ ಪಾಲು ಕೇಳಿದರು. ಅರಸರು ಮಿಲ್ಲರ್ ಸಮಿತಿ ನೇಮಿಸಿದರು. ಅದು ದಿವಾನರಿಗೆ ಸರಿ ಕಾಣಲಿಲ್ಲ, ಹುದ್ದೆ ಬಿಟ್ಟು ಹೋದರು. ಉಳ್ಳವರು ಗುಂಪು ಕಟ್ಟಿ ಕೇಳಿದರೆ ನಾಡಿನ ಏಳಿಗೆ. ಇಲ್ಲದವರು ಗುಂಪು ಕಟ್ಟಿ ಕೇಳಿದರೆ ಪ್ರತಿಭೆಗೆ ಕುತ್ತು! ಈ ನ್ಯಾಯ ಇನ್ನೂ ಸತ್ತಿಲ್ಲ.

ನಮ್ಮವರಲ್ಲೇ ಕೆಲವರು ಹೇಳುತ್ತಾರೆ: “ಓದು, ಎಫ್‌ಡಿಎ ಆಗು, ಪಿಡಿಒ ಆಗು. ವ್ಯಾಪಾರ ನಮಗಲ್ಲ.” ಅಣ್ಣಂದಿರೆ, ವ್ಯಾಪಾರ ನಮಗೆ ಬರುವುದಿಲ್ಲ ಎಂದಲ್ಲ, ಮಾಡಲು ಬಿಡಲಿಲ್ಲ. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರು. ಬರೋಡಾದಲ್ಲಿ ಇರಲು ಒಂದು ಕೋಣೆ ಸಿಗದೆ 1917ರಲ್ಲಿ ಮುಂಬಯಿಗೆ ವಾಪಸಾದರು. ಅಲ್ಲಿ ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆ ಚೆನ್ನಾಗಿತ್ತು, ಗಿರಾಕಿಗಳು ಬಂದರು. ಕೊಡುವವನ ಜಾತಿ ತಿಳಿದದ್ದೇ ಬರುವುದು ನಿಲ್ಲಿಸಿದರು. ಕಚೇರಿ ಮುಚ್ಚಿತು. ಅವರಿಗೇ ಹೀಗಾದರೆ ಒಬ್ಬೊಬ್ಬರೇ ಅಂಗಡಿ ಇಟ್ಟರೆ ಸಾಲದು ಎಂದು ತಿಳಿಯಬೇಕು.

ಇನ್ನು ಕೆಲವರು, “ಚೇಂಬರ್ ಅಂದರೆ ಬಂಡವಾಳಶಾಹಿ, ನಮಗೆ ಯಾಕೆ?” ಎನ್ನುತ್ತಾರೆ. ಮಾತು ಖಡಕ್ಕಾಗಿದೆ. ಆದರೆ ಉಳಿ, ರಂಪಿಗೆ, ಒಂದು ಕಲ್ಲು ಇಟ್ಟುಕೊಂಡವನು ಯಾವ ಬಂಡವಾಳಶಾಹಿ? ಅವನು ಸಾವ್ಕಾರನ ಬಾಗಿಲಿಗೆ ಹೋಗದಂತೆ ಮಾಡುವುದು ಹೋರಾಟ ಅಲ್ಲವೇ? 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳ ಚೇಂಬರ್, ಡಿಕ್ಕಿ, ಹುಟ್ಟಿತು. ಕಾರ್ಖಾನೆ ಕಟ್ಟುವವರಿಗೆ ಅದು ಬೇಕು. ಕೇರಿಯ ಕಟ್ಟೆಯ ಮೇಲೆ ಕೂತು ಹೊಲಿಯುವವರಿಗೆ ಇನ್ನೂ ಹತ್ತಿರದ್ದೊಂದು ಬೇಕು.

ಕಾನೂನು ಇಲ್ಲ ಅನ್ನಬೇಡಿ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಕಂಪನಿಗಳು ಕೊಳ್ಳುವ ಮಾಲಿನಲ್ಲಿ ಶೇ. 4ನ್ನು ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬ ಆದೇಶ 2012ರಲ್ಲೇ ಬಂದಿದೆ. ಕರ್ನಾಟಕದಲ್ಲಿ 50 ಲಕ್ಷ ರೂಪಾಯಿವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು 2017ರಲ್ಲಿ ಜಾರಿಗೆ ಬಂತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಇದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನಿಮ್ಮ ಅಪ್ಪಂದಿರಿಗೆ ಗೊತ್ತೇ? ವರ್ತಕರ ಮಗನಿಗೆ ಇಂಥ ಸುದ್ದಿ ಸಂಘದ ನೋಟೀಸ್ ಬೋರ್ಡಿನಲ್ಲಿ ಬೆಳಿಗ್ಗೆಯೇ ಸಿಗುತ್ತದೆ. ನಮಗೆ ಅದು ಟೆಂಡರು ಮುಗಿದ ಮೇಲೆ ತಿಳಿಯುತ್ತದೆ.

ಹಾಗಾದರೆ ಮಾಡುವುದೇನು? ಭಾಷಣ ಸಾಕು. ಮೂರು ಕೆಲಸ ಹೇಳುತ್ತೇನೆ.

ಒಂದು: ಈ ರಜೆಯಲ್ಲಿ ಊರಿಗೆ ಹೋದಾಗ ಕೇರಿಯಲ್ಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು, ತಮಟೆ ಕಟ್ಟುವವರು, ಸಣ್ಣ ಅಂಗಡಿಯವರನ್ನು ಕೂರಿಸಿ. ಏಳು ಜನ ಸಿಕ್ಕರೆ 1960ರ ಸಂಘಗಳ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಬಹುದು. ಹೆಸರು, ನಂಬರು, ಸೀಲು. ಹೆಣೆಯುವ ಅವ್ವಂದಿರ ಹೆಸರು ಮೊದಲು ಬರಲಿ. ಅವರ ಕೂಲಿ ಈವರೆಗೆ ಯಾವ ಲೆಕ್ಕದಲ್ಲೂ ಬಂದಿಲ್ಲ.

ಎರಡು: ಆ ಲೆಟರ್‌ಹೆಡ್ಡಿನಲ್ಲಿ ಊರಿನ ವರ್ತಕರ ಸಂಘಕ್ಕೇ ಮೊದಲ ಕಾಗದ. ಸದಸ್ಯತ್ವ ಕೇಳಿ. ಕೊಡದಿದ್ದರೆ ಯಾಕೆ ಎಂದು ಬರಹದಲ್ಲಿ ಕೇಳಿ. ನಗುನಗುತ್ತ ಹೇಳುವ ‘ಇಲ್ಲ’ ಬೇರೆ, ಸಹಿ ಹಾಕಿ ಬರೆಯುವ ‘ಇಲ್ಲ’ ಬೇರೆ. ಎರಡನೆಯದಕ್ಕೆ ಅವರ ಕೈ ನಡುಗುತ್ತದೆ.

ಮೂರು: ಎರಡನೆಯ ಕಾಗದ ಲಿಡ್ಕರ್ ನಿಗಮಕ್ಕೆ, ಮಾಹಿತಿ ಹಕ್ಕಿನ ಕೆಳಗೆ. ಆ 2,000 ಜೋಡಿಯಲ್ಲಿ ನಮ್ಮ ಕಡೆಯವರು ಹೊಲಿಯುವುದು ಎಷ್ಟು? ಎಂಬತ್ತು ಸಾವಿರದ ಜೋಡಿಗೆ ಹೊಲಿದವನಿಗೆ ಎಷ್ಟು, ಹೆಣೆದವಳಿಗೆ ಎಷ್ಟು? ಉತ್ತರ ಬಂದರೆ ಈ ಪತ್ರಿಕೆಗೆ ಕಳಿಸಿ. ಬಾರದಿದ್ದರೂ ಕಳಿಸಿ.

ಕಲ್ಯಾಣದಲ್ಲಿ ಹರಳಯ್ಯನೂ ಅವನ ಹೆಂಡತಿಯೂ ತಮ್ಮ ತೊಡೆಯ ತೊಗಲು ತೆಗೆದು ಬಸವಣ್ಣನಿಗೆ ಚಪ್ಪಲಿ ಮಾಡಿದರು ಎಂದು ಕತೆ ಹೇಳುತ್ತಾರೆ. ಕೇಳಿದವರೆಲ್ಲ ಕೈ ಮುಗಿಯುತ್ತಾರೆ. ಅದೇ ಹರಳಯ್ಯನ ಮಗ ಬ್ರಾಹ್ಮಣರ ಮಗಳನ್ನು ಮದುವೆಯಾದಾಗ ಹರಳಯ್ಯನನ್ನು ಕೊಂದರು. ತೊಗಲು ಕೊಟ್ಟರೆ ಭಕ್ತ, ಸಮಕ್ಕೆ ಕೂತರೆ ಅಪರಾಧಿ. ಇನ್ನು ಮೇಲೆ ನಾವು ಬರೀ ತೊಗಲು ಕೊಡುವವರಲ್ಲ.

ನಿಮ್ಮ ಅಪ್ಪ ಅವ್ವ ನಿಮ್ಮನ್ನು ಅಕ್ಷರ ಕಲಿಯಲು ಹಾಸ್ಟೆಲಿಗೆ ಕಳಿಸಿದರು. ಕಲಿತ ಅಕ್ಷರದಲ್ಲಿ ಮೊದಲ ಕಾಗದ ಅವರ ಹೆಸರಿನಲ್ಲಿ ಬರೆಯಿರಿ.