ಪ್ರಾಸ್ಟೇಟ್ ಕ್ಯಾನ್ಸರ್: ಮುಂಚಿತ ತಪಾಸಣೆ ಮತ್ತು ಕುಟುಂಬಗಳ ನೆರವಿಗಾಗಿ ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಅಪಾಯ ಹೆಚ್ಚಿರುವ ಪುರುಷರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪಿಎಸ್‌ಎ ತಪಾಸಣೆ ಒದಗಿಸುವ ಹಾಗೂ ರೋಗಿಗಳ ಕುಟುಂಬಗಳಿಗೆ ನೆರವಾಗುವ ಕುರಿತು.

ಮಾನ್ಯರೇ,

2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಇಂದು 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ನಡೆಯುತ್ತಿದೆ. ಈ ಮೂರನ್ನು ಆರಿಸಿಕೊಂಡದ್ದಕ್ಕೆ ತಕ್ಕ ಕಾರಣವಿದೆ: ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಬಹುದಾದ ರೋಗಗಳಿವು. ಪ್ರಾಸ್ಟೇಟ್ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ರಾಜ್ಯದ ಪ್ರತಿಯೊಬ್ಬ ಗಂಡಸಿಗೂ ಪಿಎಸ್‌ಎ ಪರೀಕ್ಷೆ (ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆ) ಮಾಡಿಸಿ ಎಂದು ನಾವು ಕೇಳುತ್ತಿಲ್ಲ. ಆ ಬೇಡಿಕೆಗೆ ವೈದ್ಯಕೀಯ ಆಧಾರವೂ ಸಾಲದು. ಅಪಾಯ ಯಾರಿಗೆ ಹೆಚ್ಚೋ ಅವರಿಗೆ, ತಿಳಿವಳಿಕೆ ಕೊಟ್ಟು, ಅವರ ಒಪ್ಪಿಗೆ ಪಡೆದು ಮಾಡುವ ತಪಾಸಣೆಯನ್ನು ಸರ್ಕಾರವೇ ನಡೆಸಬೇಕು ಎಂಬುದಷ್ಟೇ ನಮ್ಮ ವಾದ.

ಈ ರೋಗದ ವಿಷಯದಲ್ಲಿ ಲಕ್ಷಣ ಕಾಣಿಸಲಿ ಎಂದು ಕಾಯುವುದರಿಂದಲೇ ಹೆಚ್ಚಿನ ಹಾನಿಯಾಗುತ್ತಿದೆ. ರಾತ್ರಿ ನಾಲ್ಕೈದು ಸಲ ಏಳುವುದು, ಮೂತ್ರ ಕಟ್ಟುವುದು ಹೆಚ್ಚಾಗಿ ವಯಸ್ಸಿನೊಂದಿಗೆ ಬರುವ ಪ್ರಾಸ್ಟೇಟ್ ಗ್ರಂಥಿಯ ಸಾಮಾನ್ಯ ಊತದ ತೊಂದರೆಗಳು. ಕ್ಯಾನ್ಸರ್ ಬಹುಪಾಲು ಗ್ರಂಥಿಯ ಹೊರಭಾಗದಲ್ಲಿ ಹುಟ್ಟುವುದರಿಂದ ಮೂತ್ರನಾಳಕ್ಕೆ ಅಡ್ಡಿಯಾಗುವುದು ತಡವಾಗಿ. ಅಲ್ಲಿಯವರೆಗೆ ರೋಗಿಗೆ ಏನೂ ಅನ್ನಿಸುವುದಿಲ್ಲ. ಮೂಳೆಗೆ ಹರಡಿದ ಮೇಲೆ ಬರುವ ಸೊಂಟನೋವನ್ನು ಹೊಲದ ಕೆಲಸದ ಮೇಲೋ ವಯಸ್ಸಿನ ಮೇಲೋ ಹಾಕಿ ಮುಲಾಮು ಹಚ್ಚಿಕೊಂಡು ಕಾಲ ತಳ್ಳುತ್ತಾರೆ. ಬೆನ್ನುಹುರಿ ಒತ್ತಲ್ಪಟ್ಟು ಕಾಲಿನ ಬಲ ಕುಂದಿದಾಗ ಆಸ್ಪತ್ರೆ ಸೇರುವವರೂ ಇದ್ದಾರೆ. ಆ ಹಂತದಲ್ಲಿ ಪುರುಷ ಹಾರ್ಮೋನು ತಗ್ಗಿಸುವ ಚುಚ್ಚುಮದ್ದು, ಮಾತ್ರೆಗಳಿಂದ ಆಯುಷ್ಯ ಹೆಚ್ಚಿಸಬಹುದು, ನೋವು ತಗ್ಗಿಸಬಹುದು. ಆದರೆ ರೋಗವನ್ನು ಬೇರುಸಹಿತ ತೆಗೆಯುವ ಅವಕಾಶ ಕೈತಪ್ಪಿರುತ್ತದೆ. ಚುಚ್ಚುಮದ್ದಿನ ಖರ್ಚು ತಾಳಲಾರದೆ ವೃಷಣ ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಒಪ್ಪುವ ಬಡವರು ಕಡಿಮೆಯಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ, ಅದು ದೊಡ್ಡ ಆಸರೆ. ಆದರೆ ಬಸ್ ಚಾರ್ಜು, ಜೊತೆಗೆ ಬಂದ ಮಗನ ಕೂಲಿ ನಷ್ಟ, ವರ್ಷಗಟ್ಟಲೆ ಕ್ಯಾಥೆಟರ್ ನೋಡಿಕೊಳ್ಳುವ ಹೆಂಡತಿಯ ದುಡಿಮೆ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಮೂತ್ರ ಹಿಡಿತ ತಪ್ಪುವುದು, ದಾಂಪತ್ಯ ಸುಖ ಇಲ್ಲವಾಗುವುದು ಮನೆಯೊಳಗೆ ಯಾರೂ ಬಾಯಿಬಿಟ್ಟು ಆಡದ ಸಂಗತಿಗಳು. ಹೀಗಾಗಿ ಆ ಭಾರವನ್ನು ಹೆಂಗಸರು ಒಬ್ಬರೇ ಹೊರುತ್ತಾರೆ.

ಇಲಾಖೆಯ ತಜ್ಞರು ಮೊದಲು ಎತ್ತುವ ಆಕ್ಷೇಪ ನಮಗೆ ಗೊತ್ತಿದೆ. ಪಿಎಸ್‌ಎ ಪ್ರಮಾಣ ಸೋಂಕಿನಿಂದಲೂ ಸಾಮಾನ್ಯ ಊತದಿಂದಲೂ ಏರುತ್ತದೆ. ಏರಿದ ಕಾರಣಕ್ಕೆ ಬಯಾಪ್ಸಿ ಮಾಡಿಸಿಕೊಂಡ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಕೆಲವು ಕ್ಯಾನ್ಸರ್‌ಗಳು ಎಷ್ಟು ನಿಧಾನವಾಗಿ ಬೆಳೆಯುತ್ತವೆಂದರೆ ರೋಗಿ ಬೇರೆ ಕಾರಣದಿಂದ ತೀರಿಕೊಳ್ಳುವವರೆಗೂ ತೊಂದರೆ ಕೊಡುವುದಿಲ್ಲ; ಅಂಥವನ್ನು ಪತ್ತೆಮಾಡಿ ಶಸ್ತ್ರಚಿಕಿತ್ಸೆ ಮಾಡಿದರೆ ಸುಮ್ಮನಿದ್ದವನನ್ನು ರೋಗಿಯನ್ನಾಗಿ ಮಾಡಿದಂತೆ. ಈ ಕಾರಣಕ್ಕೇ ಅಮೆರಿಕದ ರೋಗತಡೆ ಕಾರ್ಯಪಡೆ 2012ರಲ್ಲಿ ಈ ತಪಾಸಣೆ ಬೇಡವೆಂದಿತ್ತು. ಅದೇ ಕಾರ್ಯಪಡೆ 2018ರಲ್ಲಿ ನಿಲುವು ಬದಲಿಸಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಯುರೋಪಿನ ಎಂಟು ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಗಿದೆ: ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಶೇ. 13ರಷ್ಟು ಕಡಿಮೆ, ಅಂದರೆ 456 ಜನರನ್ನು ಕರೆದರೆ ಒಂದು ಸಾವು ತಪ್ಪಿದೆ. ಇದು ಭಾರಿ ಲಾಭವಲ್ಲ, ಆದರೆ ಅಲ್ಲಗಳೆಯುವಂಥದ್ದೂ ಅಲ್ಲ. ಹಾನಿಯನ್ನು ತಗ್ಗಿಸುವ ದಾರಿಯೂ ಈಗ ತೆರೆದಿದೆ. ಮೊದಲು ಎಂಆರ್‌ಐ ಮಾಡಿ, ಅನುಮಾನದ ಜಾಗದಿಂದ ಮಾತ್ರ ಬಯಾಪ್ಸಿ ತೆಗೆದರೆ ತೊಂದರೆ ಕೊಡದ ಕ್ಯಾನ್ಸರ್‌ಗಳ ಪತ್ತೆ ಅರ್ಧಕ್ಕೆ ಇಳಿಯುತ್ತದೆಂದು ಸ್ವೀಡನ್ನಿನ ಗೋಥೆನ್‌ಬರ್ಗ್ ಅಧ್ಯಯನ 2022ರಲ್ಲಿ ತೋರಿಸಿತು. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ, ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ ಈ ಮೂರರಲ್ಲಿ ಯಾವುದನ್ನು ಪಡೆದವರಲ್ಲೂ 15 ವರ್ಷಗಳ ನಂತರ ಈ ರೋಗದಿಂದ ಸತ್ತವರು ಶೇ. 3ರ ಆಸುಪಾಸು ಮಾತ್ರ. ಪತ್ತೆಯಾದ ಕೂಡಲೇ ಕತ್ತರಿ ಹಾಕಬೇಕಿಲ್ಲ.

ಭಾರತದಲ್ಲಿ ಈ ಕ್ಯಾನ್ಸರ್ ಯುರೋಪಿಗಿಂತ ವಿರಳ, ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದದು ಎಂಬ ಎರಡನೇ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಒಪ್ಪಿದ್ದರಿಂದಲೇ ಎಲ್ಲರನ್ನೂ ಬಿಟ್ಟು ಅಪಾಯ ಹೆಚ್ಚಿರುವವರನ್ನು ಆರಿಸಿ ಎನ್ನುತ್ತಿದ್ದೇವೆ: ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಲ್ಲದೆ ಬೆಂಗಳೂರಿನ ಪುರುಷರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಮುಂದೆಯೇ ಇದೆ. ಜಗತ್ತಿನಾದ್ಯಂತ 2020ರಲ್ಲಿ 14 ಲಕ್ಷವಿದ್ದ ಹೊಸ ಪ್ರಕರಣಗಳು 2040ಕ್ಕೆ 29 ಲಕ್ಷವಾಗಲಿವೆ ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಅಂದಾಜಿಸಿದೆ. ಇನ್ನು ಹಣದ ಮಾತು. ಖಾಸಗಿ ಲ್ಯಾಬುಗಳ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಲ್ಲಿ ಪಿಎಸ್‌ಎ ಈಗಾಗಲೇ ಸೇರಿಕೊಂಡಿದೆ. ಎಂಬತ್ತರ ಅಜ್ಜನಿಗೂ ಮಾಡುತ್ತಾರೆ, ತಿಳಿಹೇಳುವವರು ಯಾರೂ ಇಲ್ಲ. ತಪಾಸಣೆ ಬೇಕೋ ಬೇಡವೋ ಎಂಬ ಪ್ರಶ್ನೆ ಹೀಗೆ ಹಿಂದೆ ಬಿದ್ದಾಗಿದೆ: ಉಳ್ಳವರಿಗೆ ಅಗತ್ಯಕ್ಕಿಂತ ಹೆಚ್ಚು, ಇಲ್ಲದವರಿಗೆ ಏನೂ ಇಲ್ಲ. ಸರ್ಕಾರ ದೂರ ನಿಂತರೆ ಇದೇ ಅವ್ಯವಸ್ಥೆ ಮುಂದುವರಿಯುತ್ತದೆ.

ಆದಕಾರಣ, ವಯಸ್ಸಿನ ಕಾರಣ ಅಪಾಯ ಹೆಚ್ಚಿರುವ 50ರಿಂದ 69ರ, ಮತ್ತು ಮನೆತನದಲ್ಲಿ ಈ ರೋಗವಿದ್ದರೆ 45 ದಾಟಿದ ಪುರುಷರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ಲಾಭ-ಹಾನಿ ಎರಡನ್ನೂ ವಿವರಿಸಿ, ಒಪ್ಪಿದವರಿಗೆ ಉಚಿತ ಪಿಎಸ್‌ಎ ಪರೀಕ್ಷೆ ನಡೆಸುವ ಯೋಜನೆಯನ್ನು ಮೊದಲು ಕೆಲವೇ ಜಿಲ್ಲೆಗಳಲ್ಲಿ ಆರಂಭಿಸಬೇಕೆಂದು ಕೋರುತ್ತೇವೆ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಮನೆತನದ ರೋಗಚರಿತ್ರೆಯ ಒಂದು ಪ್ರಶ್ನೆ ಸೇರಿದರೆ ಸಾಕು, ಅರ್ಹರು ಸಿಗುತ್ತಾರೆ. ಪಿಎಸ್‌ಎ ಏರಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ, ಆಮೇಲಷ್ಟೇ ಜಿಲ್ಲಾ ಮಟ್ಟದಲ್ಲಿ ಎಂಆರ್‌ಐಗೆ ಕಳಿಸುವ ಲಿಖಿತ ಕ್ರಮ ಬೇಕು. ಮೂತ್ರರೋಗ ತಜ್ಞರ ಕೊರತೆಗೂ ಇದೇ ಪರಿಹಾರ, ಏಕೆಂದರೆ ಅವರ ಬಾಗಿಲಿಗೆ ಅಗತ್ಯವಿರುವವರು ಮಾತ್ರ ಹೋಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯ ಅನುಭವ ಬಳಸಿ ಈ ಜಿಲ್ಲೆಗಳ ಫಲಿತಾಂಶವನ್ನು, ಹಾನಿಯನ್ನೂ ಸೇರಿಸಿ, ಪ್ರಕಟಿಸಬೇಕು. ಈಗಾಗಲೇ ರೋಗ ಬಂದ ಮನೆಗಳ ಪಾಲಿಗೆ ಹಾರ್ಮೋನ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು, ರೋಗಿ ಮತ್ತು ಜೊತೆಗಾರರಿಗೆ ಪ್ರಯಾಣ ಭತ್ಯೆ ಬೇಕು, ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡುವ ಆಪ್ತಸಮಾಲೋಚಕರು ಬೇಕು.

ಮುಂದಿನ ಆಯವ್ಯಯದ ಪ್ರಸ್ತಾವನೆ ಸಿದ್ಧವಾಗುವ ಮುನ್ನ ಮೂತ್ರರೋಗ ತಜ್ಞರು, ಕ್ಯಾನ್ಸರ್ ತಜ್ಞರು ಮತ್ತು ರೋಗಿಗಳ ಕುಟುಂಬದವರನ್ನು ಒಳಗೊಂಡ ಸಮಿತಿ ರಚಿಸಿ, ಈ ಬೇಡಿಕೆಗಳ ಕುರಿತು ಇಲಾಖೆಯ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಿಕೊಳ್ಳುತ್ತೇವೆ.


ತಮ್ಮ ವಿಶ್ವಾಸಿಗಳು,
ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಕುಟುಂಬದವರ ಪರವಾಗಿ